ಒಂದು ಆವರ್ತನಕ್ಕೆ 52 ಸೆಕೆಂಡು

ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಪ್ಯಾಸೆಂಜರ್ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಬಸ್ಸುಗಳೂ ಬೇಕಾದಷ್ಟಿವೆ. ಆದರೂ ರೈಲಿನಲ್ಲೇ ಹೋಗಬೇಕು ಅಂತ ನನಗೊಂದು ಹಟವಿತ್ತು. ಕಾರಣ ಗಂಗೂಬಾಯಿ ಹಾನಗಲ್. 1930ರ ದಶಕದ ಕೊನೆಯ ಹೊತ್ತಿಗೆ ಅವರು ಪಾಠಕ್ಕೆಂದು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗಿಬರುತ್ತಿದ್ದದ್ದು ರೈಲಿನಲ್ಲೇ. ಆಗ ಹಳಿಗಳಲ್ಲಿ ಹತ್ತು-ಹನ್ನೆರಡು ಮೀಟರಿಗೊಂದು ಜೋಡಣೆ ಇರುತ್ತಿತ್ತು. ಚಕ್ರ ಅದನ್ನು ದಾಟಿದಾಗೆಲ್ಲ ಗಡಕ್, ಗಡಕ್. ಮನಸ್ಸಿನಲ್ಲೇ ಪಾಠ ಹೇಳಿಕೊಳ್ಳುತ್ತಾ ಕೂತವರಿಗೆ ಪುಕ್ಕಟೆ ತಾಳ. ಈಗ ಹಳಿಗಳನ್ನು ಉದ್ದಕ್ಕೂ ಬೆಸುಗೆ ಹಾಕಿಬಿಟ್ಟಿದ್ದಾರೆ. ರೈಲು ಒಂದೇ ಸಮನೆ ಹರಿಯುತ್ತೆ, ಅಷ್ಟೆ. ತಾಳ ಬೇಕಿದ್ದರೆ ಎದುರು ಸೀಟಿನವರ ಮೊಬೈಲಿನ ರೀಲ್ಸ್ ಇದೆ.

ಕಿಟಕಿಯಾಚೆ ಎರೆಮಣ್ಣು, ಹತ್ತಿ, ಮೆಣಸಿನಕಾಯಿ ಗಿಡ. ಇಳಿದವರು ಹತ್ತು ಮಂದಿ ಇರಬಹುದು.

ಕುಂದಗೋಳದ ಹೆಸರನ್ನು ದೂರದೂರಕ್ಕೆ ಒಯ್ದವರು ಸವಾಯಿ ಗಂಧರ್ವರು, ಅಂದರೆ ರಾಮಭಾವು ಕುಂದಗೋಳಕರ್ (1886–1952). ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯ. ಗಂಗೂಬಾಯಿ ಮತ್ತು ಭೀಮಸೇನ ಜೋಶಿಯವರ ಗುರು. ಊರೊಳಗಿನ ನಾಡಗೇರ ವಾಡೆ ಈ ಕಥೆಗೆಲ್ಲ ಸಾಕ್ಷಿ. ಕರೀಂ ಖಾನರು ಈ ಕಡೆ ಬಂದಾಗ ಇಲ್ಲಿ ಉಳಿಯುತ್ತಿದ್ದರು. ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವಕ್ಕೂ ಇದೇ ವಾಡೆ ಜಾಗ. ನಾನು ಹೋದದ್ದು ಉತ್ಸವವಿಲ್ಲದ ಸಾದಾ ಶನಿವಾರ. ಹಳೆಯ ಮನೆ, ಮರದ ಕಂಬ, ಹೊರಗೆ ಬಿಸಿಲು. ಒಳಗೆ ಯಾರ ಮನೆಯದೋ ಮಿಕ್ಸಿ ಸದ್ದು ಕೇಳಿಸುತ್ತಿತ್ತು. ಹೆಚ್ಚು ಹೊತ್ತು ನಿಂತು ನೋಡುವಂಥದ್ದೇನೂ ಇರಲಿಲ್ಲ. ಕೇಳುವ ಜಾಗಗಳ ಕಷ್ಟವೇ ಅದು, ಹಾಡಿಲ್ಲದ ಹೊತ್ತಿನಲ್ಲಿ ಅವು ಫೋಟೋಕ್ಕೂ ಒಗ್ಗಲ್ಲ.

ಆದರೂ ಅಲ್ಲಿ ನಿಂತಾಗ ಒಂದು ಲೆಕ್ಕ ತಲೆಗೆ ಬಂತು. ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ, ಮನೆ ಬಿಟ್ಟು ಓಡಿಹೋಗಿದ್ದು ಕರೀಂ ಖಾನರ ಝಿಂಝೋಟಿ ಠುಮ್ರಿಯ ರೆಕಾರ್ಡು ಕೇಳಿ ಅನ್ನೋದು ಎಲ್ಲರಿಗೂ ಗೊತ್ತಿರುವ ಕಥೆ. ಆ ಕಾಲದ ರೆಕಾರ್ಡು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಬದಿಗೆ ಮೂರು-ಮೂರೂವರೆ ನಿಮಿಷ, ಅದಕ್ಕಿಂತ ಒಂದು ಸ್ವರ ಹೆಚ್ಚಿಲ್ಲ. ಇವತ್ತಿನ ಸಿನಿಮಾ ಹಾಡಿಗಿಂತ ಚಿಕ್ಕದು. ಅಷ್ಟು ಚಿಕ್ಕದನ್ನು ಕೇಳಿ ಹುಡುಗ ಊರೂರು ಅಲೆದು, ಕಡೆಗೆ 1936ರಲ್ಲಿ ಬಂದು ಸೇರಿದ್ದು ಸವಾಯಿ ಗಂಧರ್ವರ ಹತ್ತಿರ. ಅಲ್ಲಿ ಕಲಿತದ್ದು ಒಂದೇ ರಾಗವನ್ನು ಒಂದು ಗಂಟೆ ನಿಧಾನವಾಗಿ ಬೆಳೆಸುವ ವಿದ್ಯೆಯನ್ನು. ಮೂರು ನಿಮಿಷದ್ದು ಓಡಿಸಿತು, ಒಂದು ಗಂಟೆಯದು ಕೂರಿಸಿತು.

ನನ್ನ ವಿಷಯ ಎರಡೇ ಸಾಲಲ್ಲಿ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಪಾಡ್‌ಕಾಸ್ಟನ್ನು 1.5ರ ವೇಗದಲ್ಲಿ, ವಾಟ್ಸಾಪ್ ವಾಯ್ಸ್ ಮೆಸೇಜನ್ನು 2ರ ವೇಗದಲ್ಲಿ ಕೇಳುವ ಜಾತಿ. ನಿಮ್ಮಲ್ಲೂ ಬಹಳ ಜನ ಇದೇ ಜಾತಿ ಅಂತ ಗೊತ್ತು. ಹುಬ್ಬಳ್ಳಿಯ ಸಹೋದ್ಯೋಗಿಯೊಬ್ಬ "ನಮ್ಮ ಕಾಕಾರ ಮನ್ಯಾಗ ಶನಿವಾರ ಬೈಠಕ್ ಐತಿ, ಬಾ" ಅಂದಿದ್ದ. ಕುಂದಗೋಳ ಆ ಬೈಠಕ್ಕಿಗೆ ಮುಂಚಿನ ಬೆಳಗ್ಗೆಯ ತಿರುಗಾಟ.

ಸಂಜೆ ಆರೂವರೆ. ಹಳೇ ಮನೆಯ ಪಡಸಾಲೆ, ಜಮಖಾನ, ಮೂವತ್ತು-ಮೂವತ್ತೈದು ಜನ. ನಲವತ್ತರೊಳಗಿನವರು ನಾನೂ ಸೇರಿ ನಾಲ್ಕೈದು. ಗಾಯಕಿ ಪೂರಿಯಾ ಧನಾಶ್ರೀ ಎತ್ತಿಕೊಂಡರು. ವಿಲಂಬಿತ ಏಕತಾಳ.

ನಾನು ಬೆಳೆದದ್ದು ಕರ್ನಾಟಕ ಸಂಗೀತದ ಮನೆಯಲ್ಲಿ. ಚಾಮರಾಜಪೇಟೆಯ ರಾಮನವಮಿ ಕಚೇರಿಗೆ ಹೋದರೆ ಅರ್ಧ ಸಭೆ ತೊಡೆ ತಟ್ಟುತ್ತಾ ಕೂತಿರುತ್ತೆ. ಆದಿತಾಳದ ಎಂಟು ಎಣಿಕೆ ಎಲ್ಲರ ಕೈಯಲ್ಲೂ ಕಾಣುತ್ತೆ. ನಿಮಗೆ ತಪ್ಪಿಹೋದರೆ ಪಕ್ಕದ ಮಾಮಿಯ ಬೆರಳು ನೋಡಿ ಸರಿ ಮಾಡಿಕೊಳ್ಳಬಹುದು. ಇಲ್ಲಿ ಯಾರ ಕೈಯೂ ಅಲುಗಲಿಲ್ಲ. ಗಾಯಕಿ ತಾಳ ಹಾಕಲಿಲ್ಲ, ಸಭೆಯೂ ಹಾಕಲಿಲ್ಲ. ಲೆಕ್ಕವನ್ನೆಲ್ಲ ತಬಲಾದವರ ಹೆಗಲಿಗೆ ಹೊರಿಸಿ ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದಾರೆ. ಆದರೆ ಎಲ್ಲೋ ಒಂದು ಕಡೆ, ಯಾವ ಸೂಚನೆಯೂ ಇಲ್ಲದೆ, ಮೂವತ್ತು ತಲೆ ಒಟ್ಟಿಗೆ ಕೆಳಗಿಳಿದವು. "ಆಹಾ." ಅದು ಸಮ್. ತಾಳದ ಚಕ್ರ ಮತ್ತೆ ಶುರುವಾಗುವ ಮೊದಲ ಮಾತ್ರೆ.

ಇವರಿಗೆಲ್ಲ ಹೇಗೆ ಗೊತ್ತಾಯ್ತು?

ಮುಂದಿನ ಸಲ ವಾಚಿನಲ್ಲಿ ಸ್ಟಾಪ್‌ವಾಚ್ ಒತ್ತಿದೆ. ಸಮ್‌ನಿಂದ ಸಮ್‌ಗೆ 52 ಸೆಕೆಂಡು. ರಾಷ್ಟ್ರಗೀತೆ ಪೂರ್ತಿ ಹಾಡಲು ಬೇಕಾಗುವಷ್ಟೇ ಹೊತ್ತು. ಶಾಲೆಯಲ್ಲಿ ಅಲುಗಾಡದೆ ನಿಂತ ಆ ಹೊತ್ತು ಎಷ್ಟು ಉದ್ದ ಅಂತ ಎಲ್ಲರ ಮೊಣಕಾಲಿಗೂ ನೆನಪಿರುತ್ತೆ. ಅದರಲ್ಲಿ ಹನ್ನೆರಡೇ ಮಾತ್ರೆ. ಅಂದರೆ ಮಾತ್ರೆಗೆ ನಾಲ್ಕು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು.

ಪಕ್ಕದಲ್ಲಿ ಕೂತಿದ್ದ ಹಿರಿಯರು ನನ್ನ ವಾಚನ್ನು ನೋಡುತ್ತಲೇ ಇದ್ದರು. ಧಾರವಾಡದಲ್ಲಿ ಹುಡುಗರಿಗೆ ತಬಲಾ ಹೇಳಿಕೊಡುವ ಮಾಸ್ತರು ಅಂತ ಆಮೇಲೆ ತಿಳೀತು.

"ಯಾಕ್ರೀ ತಮ್ಮಾ, ಬಸ್ ತಪ್ಪತೈತೇನು?"

"ಇಲ್ಲ ಸರ್, ಆವರ್ತನ ಎಷ್ಟು ಸೆಕೆಂಡು ಅಂತ ನೋಡ್ತಿದ್ದೆ."

"ಎಷ್ಟಾತು?"

"ಐವತ್ತೆರಡು."

"ಹಂಗಾರ ಇವತ್ತ ಸ್ವಲ್ಪ ಜೋರ ಐತಿ," ಅಂದು ಮತ್ತೆ ಕಣ್ಣು ಮುಚ್ಚಿದರು.

ಈ ನಾಲ್ಕು ಸೆಕೆಂಡಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಎಲ್ಲ ಗುಟ್ಟೂ ಅಲ್ಲೇ ಇದೆ. ನಮ್ಮ ಕಿವಿಗೂ ಮಿದುಳಿಗೂ ಲಯ ಹಿಡಿಯಲು ಒಂದು ಕಿಟಕಿ ಇದೆ. ಬಡಿತಗಳ ನಡುವಿನ ಅಂತರ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯಾದರೆ ಎಣಿಸಲಾಗಲ್ಲ, ಮಳೆ ಸದ್ದಿನ ಹಾಗೆ ಬೆರೆತುಹೋಗುತ್ತೆ. ಎರಡು ಸೆಕೆಂಡಿನ ಆಸುಪಾಸು ದಾಟಿದರೆ ಒಂದು ಬಡಿತಕ್ಕೂ ಮುಂದಿನದಕ್ಕೂ ನೆಂಟಸ್ತಿಕೆ ಕಡಿದುಹೋಗುತ್ತೆ. ಬೇರೆ ಬೇರೆ ಘಟನೆಗಳಂತೆ ಕೇಳಿಸುತ್ತೆ. ಇವೆರಡರ ನಡುವೆ, ಅರ್ಧ ಸೆಕೆಂಡಿನ ಸುತ್ತಮುತ್ತ, ನಮಗೆ ಅತ್ಯಂತ ಸಲೀಸು. ಹೆಚ್ಚುಕಮ್ಮಿ ನಡಿಗೆಯ ಹೆಜ್ಜೆಯ ಅಳತೆ. ಇದೇ ಹುಬ್ಬಳ್ಳಿಯಲ್ಲಿ ಹೋಳಿಗೆ ಜಗ್ಗಲಗಿ ಬಾರಿಸುತ್ತಾ ಹೋಗುತ್ತಾರಲ್ಲ, ಚಕ್ಕಡಿಯ ಗಾಲಿಗೆ ಚರ್ಮ ಬಿಗಿದ ಆ ದೊಡ್ಡ ವಾದ್ಯ, ಅದರ ಎದುರು ನಿಂತರೆ ಕಾಲು ನಮ್ಮ ಅಪ್ಪಣೆ ಕೇಳುವುದಿಲ್ಲ. ಬೀಟು ಆ ಕಿಟಕಿಯ ಸರಿಯಾದ ನಡುಮಧ್ಯಕ್ಕೆ ಬಂದು ಬೀಳುತ್ತೆ. ಜಿಮ್ಮಿನ ಪ್ಲೇಲಿಸ್ಟು, ಮದುವೆಯ ಡಿಜೆ ಎಲ್ಲ ಅದೇ ಜಾಗಕ್ಕೆ ಗುರಿಯಿಡುತ್ತವೆ. ಕೇಳುಗ ಏನೂ ಮಾಡಬೇಕಿಲ್ಲ, ಎಳೆದುಕೊಂಡು ಹೋಗುತ್ತೆ.

ವಿಲಂಬಿತದ ಮಾತ್ರೆ ಈ ಕಿಟಕಿಯ ಹೊರಗಿದೆ. ಬೇಕಾದರೆ ಓದೋದು ನಿಲ್ಲಿಸಿ ಒಂದು ಪ್ರಯೋಗ ಮಾಡಿ: ಗಡಿಯಾರ ನೋಡದೆ ನಾಲ್ಕು ಸೆಕೆಂಡಿಗೊಂದು ಸಲ ಚಪ್ಪಾಳೆ ತಟ್ಟಿ, ಹನ್ನೆರಡು ಸಲ. ನೀವು ಒಳಗೊಳಗೇ ಒಂದು-ಎರಡು-ಮೂರು-ನಾಲ್ಕು ಅಂತ ಎಣಿಸಲು ಶುರು ಮಾಡಿರುತ್ತೀರಿ. ತಬಲಾ ಮಾಡುವುದೂ ಅದನ್ನೇ. ಒಂದೊಂದು ಮಾತ್ರೆಯನ್ನು ನಾಲ್ಕಾಗಿ ಸೀಳಿ, ನಡುವಿನ ಖಾಲಿಯಲ್ಲಿ ಸಣ್ಣ ಸಣ್ಣ ಪೆಟ್ಟು ಇಟ್ಟು, ದೊಡ್ಡ ಅಳತೆಯನ್ನು ಕಿಟಕಿಯೊಳಕ್ಕೆ ತರುತ್ತೆ. ಆದ್ದರಿಂದ ಕೇಳುಗನಿಗೆ ಎರಡು ಗಡಿಯಾರ ಒಟ್ಟಿಗೆ ನಡೆಯುತ್ತಿರುತ್ತವೆ. ಸಣ್ಣದು ಸೆಕೆಂಡಿಗೊಂದರಂತೆ ಆರಾಮವಾಗಿ ಟಿಕ್ ಅನ್ನುತ್ತೆ. ದೊಡ್ಡದು ಇಡೀ 52 ಸೆಕೆಂಡಿನದು. ಅದನ್ನು ಮೈ ಹಿಡಿಯಲಾರದು, ನೆನಪು ಹಿಡಿಯಬೇಕು.

ನೆನಪಿಗೆ ಸಹಾಯವಾಗಿ ಠೇಕಾದಲ್ಲೇ ಮೈಲಿಗಲ್ಲುಗಳಿವೆ. ಏಕತಾಳದ ಠೇಕಾ ಹೀಗೆ: ಧಿಂ ಧಿಂ, ಧಾಗೆ ತಿರಕಿಟ, ತೂ ನಾ, ಕತ್ ತಾ, ಧಾಗೆ ತಿರಕಿಟ, ಧೀ ನಾ. ನಾಲ್ಕನೆಯದೂ ಹತ್ತನೆಯದೂ "ತಿರಕಿಟ". ಉಳಿದ ಪೆಟ್ಟುಗಳ ನಡುವೆ ಇದೊಂದು ಚಿಟಪಟ ಅನ್ನುವುದರಿಂದ ಎಷ್ಟು ನಿಧಾನವಾದರೂ ಕಿವಿಗೆ ಸಿಗುತ್ತೆ. ಚಹಾ ವಿರಾಮದಲ್ಲಿ ಮಾಸ್ತರು ನನಗೆ ಇದನ್ನೇ ಹೇಳಿಕೊಟ್ಟರು. "ಎಲ್ಲಾ ಮಾತ್ರಿ ಎಣಸಾಕ ಹೋಗಬ್ಯಾಡ್ರಿ, ಹಾಡ ಕೇಳೂದ ತಪ್ಪತೈತಿ. ಎರಡನೇ ತಿರಕಿಟ ಹಿಡೀರಿ. ಅದು ಬಂತಂದ್ರ ಮನಿ ಹತ್ರ ಬಂತು. ಆಮ್ಯಾಲೆ ಧೀ, ನಾ, ಅಷ್ಟ."

ವಿರಾಮದ ನಂತರ ಹಾಗೇ ಕೇಳಿದೆ. ಒಳ್ಳೆಯ ವ್ಯತ್ಯಾಸ. ಸಮ್ ಕಳೆದ ಮೇಲೆ ಗಾಯಕಿಗೆ ಎಲ್ಲಿಗೂ ಹೋಗುವ ಅವಸರವಿಲ್ಲ, ನನಗೂ ಇಲ್ಲ. ಒಂದು ಸ್ವರದ ಮೇಲೆ ಅವರು ನಿಂತರೆ ನಾನೂ ನಿಲ್ಲಬಹುದು. ಎರಡನೇ ತಿರಕಿಟ ಬಂದಾಗ ಬೆನ್ನು ತಾನಾಗೇ ನೆಟ್ಟಗಾಗುತ್ತೆ. ಹನ್ನೊಂದನೇ ಮಾತ್ರೆಯ ಆಸುಪಾಸಿನಲ್ಲಿ ಅವರಿನ್ನೂ ಎಲ್ಲೋ ಮೇಲೆ ಅಲೆಯುತ್ತಿದ್ದಾರೆ. ಇನ್ನು ಇಳಿಯಲು ಆಗುತ್ತಾ? ಹನ್ನೆರಡು ಅರ್ಧ ಮುಗೀತು. ಅಷ್ಟರಲ್ಲಿ ಬಂದಿಶಿನ ಮುಖಡಾ ಹಿಡಿದು, ಒಂದು ಸಣ್ಣ ತಿರುವು ತೆಗೆದುಕೊಂಡು ಸಮ್ ಮೇಲೆ ಬಂದು ಇಳಿದರು. ನನ್ನ ತಲೆಯೂ ಉಳಿದವರ ಜೊತೆ ಬಿತ್ತು. ಕ್ರಿಕೆಟಿನಲ್ಲಿ ಬಾಲು ಬೌಂಡರಿ ದಾಟುವವರೆಗೆ ಉಸಿರು ಹಿಡಿದಿರುತ್ತೇವಲ್ಲ, ಆ ಥರ. ವ್ಯತ್ಯಾಸ ಇಷ್ಟೇ: ಇಲ್ಲಿ ಬಾಲಿಗೆ ದಾರಿ ಉದ್ದ.

ಕೊನೆಗೆ ಅದೇ ರಾಗದಲ್ಲಿ ದ್ರುತ್ ತೀನ್‌ತಾಳ ಬಂತು. ನಿಮಿಷಕ್ಕೆ ಸುಮಾರು 220 ಮಾತ್ರೆ ಅಂತ ನನ್ನ ಎಣಿಕೆ. ಹದಿನಾರು ಮಾತ್ರೆಯ ಇಡೀ ಆವರ್ತನ ನಾಲ್ಕು ಸೆಕೆಂಡು ಚಿಲ್ಲರೆಗೆ ಮುಗಿದುಹೋಗುತ್ತೆ. ಅಲ್ಲಿಗೆ ಕೈ ನಿಂತಿತು ನನಗೆ. ಒಂದು ಗಂಟೆಯ ಹಿಂದೆ ಒಂದೇ ಮಾತ್ರೆಗೆ ಹಿಡಿಯುತ್ತಿದ್ದ ಹೊತ್ತಿನಲ್ಲಿ ಈಗ ಇಡೀ ಚಕ್ರ ತಿರುಗುತ್ತಿದೆ. ರಾಗ ಅದೇ, ಸ್ವರ ಅವೇ, ಗಾಯಕಿ ಅವರೇ. ಆದರೆ ಈಗ ಕಾಯುವುದೇ ಇಲ್ಲ. ಸಮ್ ಮೇಲಿಂದ ಮೇಲೆ ಬಂದು ಬಾಗಿಲು ತಟ್ಟುತ್ತೆ. ಕಾಲುಗಳು ಎದ್ದವು, ಕೈ ತೊಡೆಯ ಮೇಲೆ ಹೋಯ್ತು, ಕಿಟಕಿ ಪಕ್ಕದ ಅಜ್ಜಿ ಕೂಡ ಬೆರಳಾಡಿಸತೊಡಗಿದರು. ವಿಲಂಬಿತದಲ್ಲಿ ನಾವು ರಾಗವನ್ನು ಕೇಳುತ್ತಿದ್ದೆವು. ದ್ರುತ್‌ನಲ್ಲಿ ಓಟವನ್ನು ಕೇಳುತ್ತಿದ್ದೆವು, ರಾಗ ಅದರ ಮೇಲೆ ಸವಾರಿ ಮಾಡುತ್ತಿತ್ತು. ನನಗೆ ದ್ರುತ್ ಕೂಡ ಇಷ್ಟವೇ. ಆದರೆ ಬರೀ ದ್ರುತ್ ಹಾಡಿದ್ದರೆ ಆ ನಾಲ್ಕು ಸೆಕೆಂಡು ಅಷ್ಟು ರುಚಿಸುತ್ತಿರಲಿಲ್ಲ. ಮೊದಲು ಹಸಿವಾಗಬೇಕಲ್ಲ.

ಊಟದ ಹೊತ್ತಿನಲ್ಲಿ ಗಾಯಕಿಯನ್ನು ಕೇಳಿದೆ, ಎಲ್ಲ ಕಡೆಯೂ ಇಷ್ಟೇ ನಿಧಾನ ಹಾಡ್ತೀರಾ ಅಂತ. ಅವರು ನಕ್ಕರು. "ಇಲ್ಲಪ್ಪಾ. ಮುಂದ ಕುಂತವ್ರು ಕಾಯತಾರ ಅಂತ ಗೊತ್ತಿದ್ರ ಅಷ್ಟ ಧೈರ್ಯ ಬರತೈತಿ. ಎರಡನೇ ಆವರ್ತನಕ್ಕ ಮೂರು ಮೊಬೈಲ್ ಬೆಳಕ ಕಂಡ್ರ ಲಯ ತಾನ ಏರತೈತಿ. ನಾ ಏರಸೂದಿಲ್ಲ, ಅದ ಏರತೈತಿ." ಈಗ ದೊಡ್ಡ ಕಾರ್ಯಕ್ರಮಗಳಲ್ಲಿ ಒಬ್ಬೊಬ್ಬರಿಗೆ ಸಿಗುವುದು ನಲವತ್ತೈದು ನಿಮಿಷ, ಅದರಲ್ಲಿ ವಿಲಂಬಿತಕ್ಕೆ ಇಪ್ಪತ್ತು, ಒಂದು ದ್ರುತ್, ಕೊನೆಗೊಂದು ಅಭಂಗ ಅಥವಾ ವಚನ ಅಂತಲೂ ಲೆಕ್ಕ ಕೊಟ್ಟರು. ಗುರುವಿನ ನೆನಪಿಗೆ ಭೀಮಸೇನರು 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಸವಾಯಿ ಗಂಧರ್ವ ಉತ್ಸವ ಒಂದು ಕಾಲಕ್ಕೆ ರಾತ್ರಿಯಿಡೀ ನಡೆಯುತ್ತಿತ್ತು. ಧ್ವನಿವರ್ಧಕದ ಕಾನೂನು ಬಂದ ಮೇಲೆ ರಾತ್ರಿ ಹತ್ತಕ್ಕೆ ಮುಗಿಸಬೇಕು. ನಿದ್ದೆ ಮಾಡುವವರ ಹಕ್ಕನ್ನು ನಾನೂ ಒಪ್ಪುತ್ತೇನೆ. ಆದರೆ ನಡುರಾತ್ರಿ ಎರಡು ಗಂಟೆಗೆ ಯಾರಿಗೂ ಎಲ್ಲಿಗೂ ಹೋಗುವುದಿಲ್ಲ ಎಂಬ ಆ ನಿರಾಳ ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಬರುವುದಿಲ್ಲ.

ಗಾಯಕಿಯ ಮಾತು ನನ್ನನ್ನು ಬಿಡಲಿಲ್ಲ. ಲಯ ಹಾಡುವವರ ಕೈಯಲ್ಲಿದೆ ಅಂತ ನಾವು ಅಂದುಕೊಂಡಿರುತ್ತೇವೆ. ಅವರು ಹೇಳಿದ್ದು, ಅದರ ಒಂದು ತುದಿ ಕೇಳುವವರ ಕೈಯಲ್ಲೂ ಇದೆ ಅಂತ. ಫೋನಿನಲ್ಲಿ ಒಂದು ಪುಟ ತೆರೆಯಲು ನಾಲ್ಕು ಸೆಕೆಂಡು ಹಿಡಿದರೆ ನಮಗೆ ಸಿಟ್ಟು ಬರುತ್ತೆ. ನಾನು ದುಡಿಯುವುದೇ ಆ ನಾಲ್ಕನ್ನು ಒಂದು ಮಾಡಲು, ಅದಕ್ಕೇ ಸಂಬಳ. ಈ ಊರಿನಲ್ಲಿ ಅದೇ ನಾಲ್ಕು ಸೆಕೆಂಡನ್ನು ಕಷ್ಟಪಟ್ಟು ಕಟ್ಟುತ್ತಾರೆ, ಮತ್ತು ಕಾಯುವವರು ಕಮ್ಮಿಯಾದರೆ ಅದು ತಾನಾಗೇ ಕುಗ್ಗುತ್ತೆ.

ಮರುದಿನ ಭಾನುವಾರ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೊರಟೆ. ಇಪ್ಪತ್ತು ಕಿಲೋಮೀಟರು ಚಿಲ್ಲರೆ, ಎಸಿ, ಸೀಟು ಸಿಕ್ಕಿತ್ತು. ಇಯರ್‌ಫೋನ್ ಹಾಕಿಕೊಂಡು ಒಂದು ಪ್ರಯೋಗ ಮಾಡಿದೆ. ಉಸ್ತಾದ್ ಅಮೀರ್ ಖಾನರ ದರ್ಬಾರಿಯನ್ನು 1.5ರ ವೇಗದಲ್ಲಿ ಕೇಳುವುದು. ಶುದ್ಧ ಸಂಗೀತದವರು ಕ್ಷಮಿಸಬೇಕು. ಹಳೆಯ ಗ್ರಾಮಫೋನಿನಲ್ಲಾದರೆ ವೇಗ ಹೆಚ್ಚಿಸಿದರೆ ಶ್ರುತಿಯೂ ಏರಿ ಗಾಯಕ ಬಾತುಕೋಳಿಯಾಗುತ್ತಿದ್ದ. ಈಗಿನ ಆ್ಯಪ್‌ಗಳು ಧ್ವನಿಯನ್ನು ಪುಟ್ಟ ಪುಟ್ಟ ತುಣುಕು ಮಾಡಿ, ಒಂದರ ಅಂಚಿನ ಮೇಲೊಂದನ್ನು ಹೊದಿಸಿ ಅಂಟಿಸುತ್ತವೆ. ಶ್ರುತಿ ಕದಲುವುದಿಲ್ಲ, ಸ್ವರ ಒಂದೂ ಬದಲಾಗುವುದಿಲ್ಲ. ಲೆಕ್ಕಕ್ಕೆ ಎಲ್ಲವೂ ಅದೇ ಇದೆ, ಹೊತ್ತು ಮಾತ್ರ ಉಳಿತಾಯ.

ಕೇಳಿದರೆ ದರ್ಬಾರಿಯೇ ಇಲ್ಲ. ಆ ರಾಗದ ಜೀವ ಕೋಮಲ ಗಾಂಧಾರದ ಆಂದೋಲನ, ತುಂಬಿದ ತೊಟ್ಟಿಲನ್ನು ತೂಗಿದ ಹಾಗೆ ಅದು ಓಲಾಡಬೇಕು. 1.5ರಲ್ಲಿ ತೊಟ್ಟಿಲಿಗೆ ಯಾರೋ ಜ್ವರ ಬಂದವರು ಕೈ ಹಾಕಿದಂತಿತ್ತು. ಇನ್ನೊಂದು ವಿಚಾರ ಇದಕ್ಕೆ ಸೇರಿಕೊಳ್ಳುತ್ತೆ. ಹಿಂದೂಸ್ತಾನಿಯಲ್ಲಿ ಅಡಾಣಾ ಅಂತ ಒಂದು ರಾಗವಿದೆ. ಅದರ ಸ್ವರಗಳು ಬಹುಮಟ್ಟಿಗೆ ದರ್ಬಾರಿಯವೇ. ದರ್ಬಾರಿ ಕೆಳಗಿನ ಸ್ವರಗಳಲ್ಲಿ ಭಾರವಾಗಿ ನಡೆದರೆ ಅಡಾಣಾ ಮೇಲಿನ ಷಡ್ಜದ ಸುತ್ತ ಚುರುಕಾಗಿ ಓಡಾಡುತ್ತೆ. ಒಂದು ರಾಜನ ಗಾಂಭೀರ್ಯ, ಇನ್ನೊಂದು ಅವನ ಕುದುರೆ. ಎರಡನ್ನು ಬೇರೆ ಮಾಡುವುದರಲ್ಲಿ ನಡೆಯ ಪಾಲು ಬಹಳ ದೊಡ್ಡದು. ಅಂದಮೇಲೆ ವೇಗ ಅನ್ನೋದು ಹಾಡಿನ ಮೇಲೆ ಹಾಕುವ ಸೆಟ್ಟಿಂಗ್ ಅಲ್ಲ. ಪಾಡ್‌ಕಾಸ್ಟಿನಲ್ಲಿ ಮಾಹಿತಿ ಉಳಿಯುತ್ತೆ, ಹೊತ್ತು ಉಳಿಯುತ್ತೆ, ಇಬ್ಬರಿಗೂ ಲಾಭ. ಇಲ್ಲಿ ಹೊತ್ತೇ ಮಾಹಿತಿ. ಉಣಕಲ್ ಕೆರೆ ದಾಟುವಷ್ಟರಲ್ಲಿ ಮತ್ತೆ 1ಕ್ಕೆ ಇಳಿಸಿದೆ.

ನಿಧಾನ ಅಂದಕೂಡಲೇ ನಮಗೆ ಹಳೇ ಕಾಲ ಅನಿಸುತ್ತೆ. ಋಷಿಮುನಿಗಳು, ಎತ್ತಿನಗಾಡಿ, ನಮ್ಮ ಪೂರ್ವಿಕರಿಗೆ ಎಷ್ಟು ತಾಳ್ಮೆ ಇತ್ತು ನೋಡಿ, ಇತ್ಯಾದಿ. ಖಯಾಲಿನ ಮಟ್ಟಿಗೆ ಕಥೆ ತಿರುಗುಮುರುಗು. ಗ್ವಾಲಿಯರಿನಂಥ ಹಳೆಯ ಘರಾಣೆಗಳವರು ಖಯಾಲನ್ನು ಹಾಡುತ್ತಿದ್ದದ್ದು ಇದಕ್ಕಿಂತ ಎಷ್ಟೋ ಚುರುಕಾದ ಲಯದಲ್ಲಿ. ಒಂದು ಮಾತ್ರೆಗೆ ನಾಲ್ಕೈದು ಸೆಕೆಂಡು ಹಿಡಿಯುವ ಅತಿವಿಲಂಬಿತ ಚಾಲ್ತಿಗೆ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ, ಕಾರು-ವಿಮಾನಗಳ ಕಾಲದಲ್ಲಿ. ಕಿರಾಣಾದ ಅಬ್ದುಲ್ ವಹೀದ್ ಖಾನರ ದಾರಿಯಿಂದ ಪ್ರೇರಣೆ ಪಡೆದ ಅಮೀರ್ ಖಾನರು (1912–1974) ಹದಿನಾಲ್ಕು ಮಾತ್ರೆಯ ಝೂಮ್ರಾ ತಾಳದಲ್ಲಿ ಅದನ್ನು ಎಲ್ಲಿಯವರೆಗೆ ಎಳೆದರೆಂದರೆ, ಆಮೇಲಿನವರಿಗೆ ಅದೇ ಮಾದರಿಯಾಯಿತು. ಮೈಕು ಬಂದದ್ದೂ ಒಂದು ಕಾರಣ ಅಂತ ನನ್ನ ಅಂದಾಜು. ಮೈಕಿಲ್ಲದ ಸಭೆಯಲ್ಲಿ ಹಿಂದಿನ ಸಾಲಿನವರನ್ನು ಮುಟ್ಟಲು ಎತ್ತಿದ ದನಿಯಲ್ಲಿ ಹಾಡಬೇಕಿತ್ತು. ಮೈಕಿನ ಮುಂದೆ ಪಿಸುಮಾತಿನಂತೆ ಒಂದು ಸ್ವರವನ್ನು ಹಿಡಿದು ನಿಲ್ಲಬಹುದು. ಎಲ್‌ಪಿ ರೆಕಾರ್ಡು ಬಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷದ ಮೇಲೆ ಸಿಕ್ಕಿತು. 78ರ ರೆಕಾರ್ಡಿನಲ್ಲಿ ನನ್ನ 52 ಸೆಕೆಂಡಿನ ಆವರ್ತನ ನಾಲ್ಕು ಸಲ ಬರುವಷ್ಟರಲ್ಲಿ ಮುಳ್ಳು ಅಂಚಿಗೆ ಬಂದಿರುತ್ತಿತ್ತು.

ಅಂದರೆ ಯಂತ್ರ ಒಮ್ಮೆ ಸಂಗೀತವನ್ನು ಕುಗ್ಗಿಸಿತು, ಇನ್ನೊಮ್ಮೆ ಹಿಗ್ಗಿಸಿತು. ಈ ಫೋನು ಏನು ಮಾಡುತ್ತೆ ಅಂತ ನಾನು ಹೇಳಲಾರೆ. ಒಂದೇ ಆ್ಯಪ್‌ನಲ್ಲಿ ಮೂವತ್ತು ಸೆಕೆಂಡಿನ ರೀಲೂ ಇದೆ, ಒಂದೂವರೆ ಗಂಟೆಯ ಹಳೇ ಕಚೇರಿಯ ಧ್ವನಿಮುದ್ರಣವೂ ಇದೆ.

ಧಾರವಾಡದಲ್ಲಿ ಸಣ್ಣಗೆ ಮಳೆ. ನೋಡಬೇಕಿದ್ದದ್ದು "ಮೃತ್ಯುಂಜಯ", ಮಲ್ಲಿಕಾರ್ಜುನ ಮನ್ಸೂರರ (1910–1992) ಮನೆ, ಈಗ ಸ್ಮಾರಕ. ಹಿಂದಿನ ದಿನ ಕುಂದಗೋಳ, ಈ ದಿನ ಇಲ್ಲಿಗೆ ಬಂದದ್ದರಲ್ಲಿ ನನಗೊಂದು ಉದ್ದೇಶವಿತ್ತು. ಇವೆರಡರ ನಡುವೆ ಲಯದ ಗಡಿಯೊಂದು ಹಾದುಹೋಗುತ್ತೆ. ಕುಂದಗೋಳದ್ದು ಕಿರಾಣಾ. ಅಲ್ಲಿ ಸ್ವರ ದೊಡ್ಡದು, ತಾಳ ಅದರ ಹಿಂದೆ ಮೆಲ್ಲಗೆ ನಡೆಯುತ್ತೆ. ಮನ್ಸೂರರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಲ್ಲಿ ಕಲಿತದ್ದು ಜೈಪುರ-ಅತ್ರೌಲಿ ಘರಾಣೆ. ಅಲ್ಲಿ ವಿಲಂಬಿತವೂ ಮಧ್ಯಲಯದ ಕಡೆ ವಾಲಿದ್ದು, ಹೆಚ್ಚಾಗಿ ತೀನ್‌ತಾಳದಲ್ಲಿ. ಮಾತ್ರೆ ಎಂದೂ ಮೈಯ ಹಿಡಿತದಿಂದ ಜಾರುವುದಿಲ್ಲ. ಮನ್ಸೂರರು ಆ ನಡೆಯೊಳಗೆ ಸ್ವರಗಳನ್ನು ಹೆಣೆದುಕೊಂಡು, ಮಾತ್ರೆಗಳ ನಡುವಿನಿಂದ ನುಸುಳಿಕೊಂಡು ಸಮ್‌ಗೆ ಬರುವಾಗ, ಈಗ ಬಂದರು ಅನ್ನುವಷ್ಟರಲ್ಲಿ ಮುಂದಿನ ಸುತ್ತು ಆಗಲೇ ಹೊರಟಿರುತ್ತದೆ. ಉಸಿರು ಬಿಡಲು ಜಾಗ ಕೊಡುವುದಿಲ್ಲ. ಕಿರಾಣಾ ಕೇಳುವಾಗ ನಾನು ಕೆರೆ ದಂಡೆಯಲ್ಲಿ ಕೂತವನು. ಮನ್ಸೂರರನ್ನು ಕೇಳುವಾಗ ಜಾತ್ರೆಯಲ್ಲಿ ಅಜ್ಜನ ಕೈ ಹಿಡಿದು ಹಿಂದೆ ಹಿಂದೆ ಓಡುವವನು. ಯಾವುದು ಮೇಲು ಅನ್ನುವ ಜಗಳ ಧಾರವಾಡದ ಚಹಾದಂಗಡಿಗಳಿಗೆ ಬಿಟ್ಟದ್ದು. ನನಗೆ ಈ ತಿಂಗಳು ಮನ್ಸೂರರು.

ಮನೆ ಶಾಂತವಾಗಿತ್ತು. ಭಾನುವಾರದ ಮಳೆಗೆ ಇನ್ಯಾರೂ ಬಂದಿರಲಿಲ್ಲ. ತಂಬೂರಿ ನೋಡಿ, ಫೋಟೋಗಳನ್ನು ನೋಡಿ, ಪೇಢೆ ಕೊಂಡು, ಹಿಂದಿನ ರಾತ್ರಿ ಮಾಸ್ತರು ಕೊಟ್ಟ ವಿಳಾಸ ಹುಡುಕಿಕೊಂಡು ಹೋದೆ.

ಅವರ ಕ್ಲಾಸು ಮನೆಯ ಹಿಂದಿನ ತಗಡಿನ ಶೆಡ್ಡು. ಆರೇಳು ಹುಡುಗರು, ತಗಡಿನ ಮೇಲೆ ಮಳೆ. ಪಾಠ ಬಾಯಲ್ಲಿ ಬೋಲ್ ಹೇಳುತ್ತಾ ಕೈಯಲ್ಲಿ ತಾಳ ಹಾಕುವುದು. ಮೊದಲು ಸಮವಾಗಿ, ಆಮೇಲೆ ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು. ನಾಲ್ಕು ಪಟ್ಟಿನದಕ್ಕೆ ಹುಡುಗರಿಗೆಲ್ಲ ಖುಷಿ, ನಾಲಿಗೆ ಹೊರಳಿ ನಗು ಬರುತ್ತೆ. ಅದು ಮುಗಿದಮೇಲೆ ಮಾಸ್ತರು, "ಈಗ ಖರೇ ಪಾಠ," ಅಂದು ವಿಲಂಬಿತ ಏಕತಾಳ ಹಿಡಿಸಿದರು. ಹತ್ತು ವರ್ಷದ ಒಬ್ಬ ಹುಡುಗಿಯ ಸರದಿ. ಧಿಂ ಅಂದಳು, ಸುಮ್ಮನಾದಳು. ತೊಡೆಯ ಮೇಲೆ ಬೆರಳಿನಿಂದ ಮೂರು ಸಣ್ಣ ತಟ್ಟು. ಧಿಂ. ಕಣ್ಣು ಶೆಡ್ಡಿನ ಮೂಲೆಯ ಮೇಲಿದೆ, ಆದರೆ ಅಲ್ಲೇನನ್ನೂ ನೋಡುತ್ತಿಲ್ಲ. ಹುಡುಗರು ಒಬ್ಬರನ್ನೊಬ್ಬರು ಚಿವುಟಿಕೊಂಡು ಆಮೇಲೆ ಸುಮ್ಮನಾದರು. ಮಳೆಯ ಸದ್ದಿಗೆ ತನ್ನದೇ ಬೇರೆ ಲೆಕ್ಕ. ಅವಳು ಅದಕ್ಕೆ ಸೋಲಲಿಲ್ಲ.

ನನ್ನ ಫೋನು ನಡುಗಿತು. ಹುಬ್ಬಳ್ಳಿಯ ಗೆಳೆಯ, ರೈಲಿಗೆ ಹೊತ್ತಾಗ್ತದ, ಹೊರಟ್ಯಾ ಅಂತ. ನಾನು ಎದ್ದು ಚಪ್ಪಲಿ ಹುಡುಕಿದೆ. ಮಾಸ್ತರು ಕೈಯಲ್ಲಿ ತಡೆದರು.

"ಎರಡನೇ ತಿರಕಿಟ ಬಂದೈತಿ. ಸಮ್ ತಗೊಂಡ ಹೋಗ್ರಿ."

ಹುಡುಗಿ ಧೀ ಅಂದಳು.